ಪಾದರಸಕ್ಕೆ ಬೀಗ

ಆ ಆಸ್ಪತ್ರೆಯ ಸ್ಟೋರ್‌ಕೀಪರನನ್ನು ಎಲ್ಲರೂ ಕರೆಯುತ್ತಿದ್ದುದು ಬೀಗದಣ್ಣ ಎಂದೇ. ಡಾಕ್ಟರೇ ಬಂದು ನಿಂತರೂ ಸಹಿ ಇಲ್ಲದೆ ಒಂದು ಹತ್ತಿ ಉಂಡೆ ಕೊಟ್ಟವನಲ್ಲ. "ಊಟ ಬಡಿಸೋಕೂ ಸಹಿ ಹಾಕ್ಬೇಕೇನ್ರೀ?" ಎಂದು ಹೆಂಡತಿ ರೇಗಿಸುತ್ತಿದ್ದಳು.

ಮೂರು ವರ್ಷದ ಹಿಂದೆ ಸರ್ಕಾರ ಅಂತರರಾಷ್ಟ್ರೀಯ ಒಪ್ಪಂದವೊಂದಕ್ಕೆ ಸಹಿ ಹಾಕಿ ಬಂತು. ಪಾದರಸ ವಿಷ, ಆಸ್ಪತ್ರೆಗಳಲ್ಲಿ ಅದಿರಕೂಡದು. ಮಾತೇನೋ ಸರಿಯೇ. ಆದರೆ ಸಹಿ ಹಾಕಲು ಪೆನ್ನೊಂದಿದ್ದರೆ ಸಾಕು, ಉಳಿದದ್ದಕ್ಕೆ ಬೇರೆ ಏನೇನೋ ಬೇಕಾಗುತ್ತದೆ. ಆದೇಶ ಬಂದ ದಿನವೇ ಬೀಗದಣ್ಣ ವಾರ್ಡುಗಳಲ್ಲಿದ್ದ ಪಾದರಸದ ಬಿ.ಪಿ. ಮಷೀನುಗಳನ್ನೆಲ್ಲ ಒಟ್ಟುಮಾಡಿದ. ನಲವತ್ತೊಂದು. ರಬ್ಬರ್ ಕೊಳವೆಗಳನ್ನು ಮಡಚಿ, ದಾರದಿಂದ ಬಿಗಿಯಾಗಿ ಕಟ್ಟಿ, ಹಿಂದಿನ ಕೋಣೆಯಲ್ಲಿ ಜೋಡಿಸಿ ಬೀಗ ಜಡಿದ. ಒಯ್ಯಲು ಬರಬೇಕಿದ್ದ ಲಾರಿ ಬರಲೇ ಇಲ್ಲ. ಒಯ್ದು ಹಾಕುವ ಜಾಗವೇ ದೇಶದಲ್ಲಿರಲಿಲ್ಲ. ಬದಲಿಗೆ ಬಂದ ನಾಲ್ಕು ಎಲೆಕ್ಟ್ರಾನಿಕ್ ಮಷೀನುಗಳು ಒಂದೊಂದಾಗಿ ಕೈಕೊಟ್ಟವು. ಬಿಡಿಭಾಗ ಹೊರದೇಶದಿಂದ ಬರಬೇಕು. ಬೀಗದಣ್ಣ ಪತ್ರ ಬರೆದೂ ಬರೆದೂ ಸುಸ್ತಾದ. ಪರಿಶೀಲನೆಯಲ್ಲಿದೆ ಎಂಬ ಉತ್ತರ ಮಾತ್ರ ತಪ್ಪದೆ ಬರುತ್ತಿತ್ತು.

ಒಂದು ಮಧ್ಯಾಹ್ನ ಹೆಂಡತಿ, ಎಂಟು ತಿಂಗಳ ಬಸುರಿ ಮಗಳನ್ನು ಅದೇ ಆಸ್ಪತ್ರೆಗೆ ಕರೆತಂದಳು. ಕಾಲು ಊದಿತ್ತು, ತಲೆ ಸಿಡಿಯುತ್ತಿತ್ತು, ಕಣ್ಣು ಮಂಜಾಗಿತ್ತು.

"ಬಿ.ಪಿ. ಏರಿ ಫಿಟ್ಸ್ ಬರೋ ಹಾಗಿದೆ, ಆದ್ರೆ ಎಷ್ಟಿದೆ ಅಂತ ಗೊತ್ತಾಗ್ದೆ ಡಾಕ್ಟ್ರು ಔಷಧಿ ಹೇಗೆ ಕೊಡ್ತಾರಣ್ಣಾ?" ಎಂದಳು ನರ್ಸಮ್ಮ. "ದೊಡ್ಡಾಸ್ಪತ್ರೆಗೆ ಕಳ್ಸೋಣ ಅಂದ್ರೆ ಆಂಬುಲೆನ್ಸ್ ಬರೋಕೆ ಮೂರು ಗಂಟೆ ಬೇಕಂತೆ."

ಬೀಗದಣ್ಣ ಯಾರ ಸಹಿಗೂ ಕಾಯದೆ ಓಡಿಹೋಗಿ ಬೀಗ ತೆಗೆದು, ಒಂದು ಮಷೀನಿನ ಪೆಟ್ಟಿಗೆ ಎತ್ತಿಕೊಂಡು ಬಂದ. ನರ್ಸಮ್ಮ ಮಗಳ ತೋಳಿಗೆ ಪಟ್ಟಿ ಸುತ್ತಿ ಬುಗ್ಗೆ ಒತ್ತಿದಳು. ಪುಸ್ಸೆಂದು ಗಾಳಿ ಹೊರಟುಹೋಯಿತು. ಪಾದರಸ ಕದಲಲಿಲ್ಲ. ದಾರ ಬಿಗಿದಿದ್ದ ಕಡೆಯಲ್ಲೇ ರಬ್ಬರು ಸೀಳಿತ್ತು.

ಎರಡನೆಯದೂ ಹಾಗೇ. ಐದನೆಯದೂ. ನಲವತ್ತೊಂದನ್ನೂ ಬಿಚ್ಚಿ ನೋಡಿದ್ದಾಯಿತು, ಒಂದೂ ಉಳಿದಿರಲಿಲ್ಲ.

"ಇಷ್ಟೊಂದು ಬಿಗಿಯಾಗಿ ಯಾಕಣ್ಣಾ ಕಟ್ಟಿದ್ರಿ?" ನರ್ಸಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಅಚ್ಚುಕಟ್ಟು ಎಂದು ಹೆಮ್ಮೆಪಟ್ಟಿದ್ದ ತನ್ನ ಕೈಗಳನ್ನೇ ಕತ್ತರಿಸಿ ಎಸೆಯಬೇಕೆನಿಸಿತು.

"ಅಪ್ಪಾ, ಎಷ್ಟು ಬಂತು?" ಮಗಳು ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ನೋಡ್ತಾ ಇದೀವಿ ಕಣಮ್ಮಾ," ಎಂದು ಬೀಗದಣ್ಣ ಅವಳ ತೋಳು ಹಿಡಿದು ಕೂತ. ಆಂಬುಲೆನ್ಸಿಗೆ ಇನ್ನೂ ಎರಡು ಗಂಟೆ ಇತ್ತು.