ಮೊದಲು ನೀನು ತಿನ್ನು

ಕಕ್ಕಡ ಹದಿನೆಂಟರ ಮಾರನೆಯ ಬೆಳಿಗ್ಗೆ ನನ್ನ ಗಂಡ ಬಚ್ಚಲಿನಿಂದಲೇ ಕೂಗಿದರು. "ಸುಮಾ, ಕೆಂಪ್ಗೆ ಬತ್ತಾ ಐತೆ ಕಣೇ!"

ಅಡುಗೆಮನೆಯಲ್ಲಿ ಮಿಕ್ಸಿ ತಿರುಗಿಸುತ್ತಿದ್ದ ನಾನು ನಕ್ಕುಬಿಟ್ಟೆ. "ಬರ್ಲಿ ಬಿಡಿ, ಮದ್ದು ಮೈಗೆ ಹಿಡ್ದೈತೆ."

ಕೊಡಗಿನಲ್ಲಿ ಆ ದಿನ ಇದಕ್ಕೆ ಯಾರೂ ಗಾಬರಿಯಾಗುವುದಿಲ್ಲ. ಕಕ್ಕಡ ತಿಂಗಳ ಹದಿನೆಂಟನೆಯ ದಿನ ಮದ್ದುಸೊಪ್ಪಿನಲ್ಲಿ ಹದಿನೆಂಟು ಔಷಧಗಳು ಸೇರಿರುತ್ತವೆ ಎಂದು ಇಲ್ಲಿಯವರ ನಂಬಿಕೆ. ಸೊಪ್ಪನ್ನು ಕುದಿಸಿ, ನೇರಳೆ ಬಣ್ಣಕ್ಕೆ ತಿರುಗಿದ ಆ ನೀರಿನಲ್ಲಿ ಪಾಯಸ ಮಾಡುತ್ತಾರೆ. ಮರುದಿನ ಮೂತ್ರ ಕೆಂಪಾಗುತ್ತದೆ. ನಿಮ್ಮಲ್ಲಿ ಯಾರದ್ದು ಜಾಸ್ತಿ ಕೆಂಪು ಎಂದು ಮನೆಮನೆಯಲ್ಲಿ ತಮಾಷೆ ನಡೆಯುತ್ತದೆ. ನಮ್ಮದು ಹಾಸನದ ಕಡೆಯಿಂದ ಬಂದು ಶಿರಂಗಾಲದಲ್ಲಿ ನೆಲೆನಿಂತ ಕುಟುಂಬ. ನಮ್ಮ ಹಿರಿಯರಿಗೆ ಈ ಸೊಪ್ಪು ಗೊತ್ತಿರಲಿಲ್ಲ. ಅದನ್ನು ನಮಗೆ ಕಲಿಸಿದವಳು ಮುತ್ತಮ್ಮ. ನಾನು ಟೀಚರ್ ಆಗಿರುವ ಅಂಗನವಾಡಿಯ ಸಹಾಯಕಿ. ಪ್ರತಿ ವರ್ಷ ತವರಿನಿಂದ ನಮಗೊಂದು ಕಟ್ಟು ತಂದುಕೊಡುತ್ತಾಳೆ.

ಆ ವರ್ಷ ನಾನು ಸೊಪ್ಪನ್ನು ಕುದಿಸಲಿಲ್ಲ. ಹಸಿಯಾಗಿಯೇ ರುಬ್ಬಿ, ಸೋಸಿ, ದೊಡ್ಡ ಲೋಟದ ತುಂಬ ಕೊಟ್ಟಿದ್ದೆ. ಹಸಿಯದ್ದಕ್ಕೆ ಎಷ್ಟು ಶಕ್ತಿ ನೋಡಿ ಎಂದು ನನಗೆ ಹೆಮ್ಮೆಯೇ ಆಯಿತು.

ಅದು ರಕ್ತವಾಗಿತ್ತು.

ಇವರ ಅಪ್ಪ ಐವತ್ತೆರಡನೆಯ ವಯಸ್ಸಿನಲ್ಲಿ ಜೋಳದ ಹೊಲದಲ್ಲಿ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಇವರಿಗೆ ಆ ಯುಗಾದಿಗೆ ಐವತ್ತೊಂದು ತುಂಬಿತ್ತು. ಊರಿನಲ್ಲಿ ನಡೆದ ಹೆಲ್ತ್ ಕ್ಯಾಂಪಿನಲ್ಲಿ ಕೊಲೆಸ್ಟ್ರಾಲ್ ಜಾಸ್ತಿಯಿದೆ ಎಂದು ಒಂದು ಮಾತ್ರೆ ಬರೆದುಕೊಟ್ಟರು. ನಾನು ಆ ಚೀಟಿಯನ್ನು ದೇವರ ಪಟದ ಹಿಂದೆ ಸಿಕ್ಕಿಸಿ, ಫೋನ್ ಹಿಡಿದು ಕೂತೆ.

ಹೆದರಿದವಳಿಗೆ ಫೋನು ಬೇಕಾದ್ದೆಲ್ಲ ಹೇಳುತ್ತದೆ. ಬೇಯಿಸಿದ್ದು ಸತ್ತ ಊಟ, ಹಸಿಯದ್ದೇ ಜೀವ ಇರುವ ಊಟ ಎಂದರು ಒಬ್ಬರು. ಅಗಸೆ ಬೀಜ ರಕ್ತನಾಳ ತೊಳೆಯುತ್ತದೆ ಎಂದರು ಇನ್ನೊಬ್ಬರು. ಖಾಲಿ ಹೊಟ್ಟೆಗೆ ಬಿಂಬುಳಿ ರಸ ಕುಡಿದರೆ ಕೊಬ್ಬು ಕರಗುತ್ತದೆ ಎಂದರು ಮತ್ತೊಬ್ಬರು. ಬಿಂಬುಳಿ ಮರ ನಮ್ಮ ಹಿತ್ತಲಲ್ಲೇ ಇತ್ತು. ಕಾಂಡಕ್ಕೇ ಅಂಟಿಕೊಂಡು ಗೊಂಚಲು ಗೊಂಚಲಾಗಿ ಬೆರಳುದ್ದದ ಹಸಿರು ಕಾಯಿ ಬಿಡುತ್ತಿತ್ತು. ಕಡಿದರೆ ಹಲ್ಲು ಜುಂ ಎನ್ನುವ ಹುಳಿ. ಅಷ್ಟು ವರ್ಷ ಉಪ್ಪಿನಕಾಯಿಗೆ ನಾಲ್ಕು ಕಿತ್ತು, ಉಳಿದದ್ದು ಉದುರಿ ಕೊಳೆಯಲು ಬಿಟ್ಟಿದ್ದೆ. ಅಯ್ಯೋ, ಅಮೃತವನ್ನೇ ಕೊಳೆಸಿದೆನಲ್ಲ ಎಂದು ಆಗ ಅನ್ನಿಸಿತ್ತು.

ಮುಂಜಾನೆ ಒಂದು ಲೋಟ ಬಿಂಬುಳಿ ರಸ. ಅದರ ಹಿಂದೆಯೇ ಅಗಸೆ ಬೀಜದ ಪುಡಿ, ಎರಡು ಚಮಚ, ಆಮೇಲೆ ಮೂರು. ತಿಂಡಿಗೆ ಒಂದು ಕಟ್ಟು ಹಸಿ ಪಾಲಕ್. ಮಧ್ಯಾಹ್ನ ಕ್ಯಾರೆಟ್, ಸೌತೆಕಾಯಿ, ಮೊಳಕೆ ಕಾಳು. ಮುದ್ದೆ ಬಂದ್. ಮಟನ್ ಬಂದ್. ಅಂಗನವಾಡಿಯಲ್ಲಿ ತಾಯಂದಿರಿಗೆಲ್ಲ ಊಟದ ಪಾಠ ಹೇಳುವವಳು ನಾನು. ನನ್ನ ಮನೆಯಲ್ಲಿ ನನಗೆ ಎದುರು ಹೇಳುವವರು ಯಾರು?

"ನಾಳಿಂದ ನನ್ನೂ ಕೊಟ್ಟಿಗೇಲೇ ಕಟ್ಟಾಕ್ಬಿಡು" ಎಂದು ಗೊಣಗುತ್ತಲೇ ಅವರು ತಿನ್ನುತ್ತಿದ್ದರು. ಅಗಸೆ ಪುಡಿ ತಿಂದವರು ನೀರು ಹೆಚ್ಚು ಕುಡಿಯಬೇಕು ಎಂದೂ ವಿಡಿಯೋದಲ್ಲಿ ಹೇಳಿದ್ದರು. ಗದ್ದೆಯಲ್ಲಿ ಟಿಲ್ಲರ್ ಹಿಂದೆ ನಡೆಯುವವರು ಬಾಟಲಿ ಹಿಡಿದುಕೊಂಡು ಹೋಗುತ್ತಾರೆಯೇ? ಅದೊಂದನ್ನು ನಾನು ವಿಚಾರಿಸಲೇ ಇಲ್ಲ. ಎರಡು ತಿಂಗಳಲ್ಲಿ ಮೈ ಇಳಿಯಿತು. ಊರವರು ಹೊಗಳಿದರು. ನಾನು ಉಬ್ಬಿಹೋದೆ.

ಕೆಂಪು ಎರಡನೆಯ ದಿನವೂ ನಿಲ್ಲಲಿಲ್ಲ. ಬಿಕ್ಕಳಿಕೆ ಶುರುವಾಯಿತು. ನೀರು ಕುಡಿದರೂ ನಿಲ್ಲದು, ಉಸಿರು ಹಿಡಿದರೂ ನಿಲ್ಲದು. ಅಂಗನವಾಡಿಯಲ್ಲಿ ಮುತ್ತಮ್ಮನಿಗೆ ಹೇಳಿದಾಗ ಅವಳ ಮುಖ ಸಣ್ಣದಾಯಿತು. "ಎಂತ ಟೀಚರೇ, ಅದು ಒಂದು ದಿನದ ಬಣ್ಣ ಅಲ್ವಾ? ಅಣ್ಣನ್ನ ಡಾಕ್ಟ್ರಿಗೆ ತೋರಿಸಿ."

ನಾನು ತೋರಿಸಲಿಲ್ಲ. ವಿಷ ಹೊರಗೆ ಹೋಗುವಾಗ ಹಾಗಾಗುತ್ತದೆ ಎಂದು ಫೋನು ಹೇಳಿತ್ತು. ಸಂಜೆ ಇನ್ನೊಂದು ಲೋಟ ಬಿಂಬುಳಿ ರಸ ಕೊಟ್ಟೆ.

ಮೂರನೆಯ ದಿನ ಹನ್ನೊಂದು ಗಂಟೆ ಇರಬಹುದು. ಭಾನುವಾರ, ನಾನು ಮನೆಯಲ್ಲಿದ್ದೆ. ಗದ್ದೆ ಕಡೆಯಿಂದ ಕೂಗು ಕೇಳಿತು. ಅದು ಇವರ ಧ್ವನಿ ಎಂದು ನನಗೆ ತಿಳಿಯಲಿಲ್ಲ. ಹೋಗಿ ನೋಡಿದರೆ ಟಿಲ್ಲರ್ ಇಂಜಿನ್ ಓಡುತ್ತಲೇ ಇದೆ, ಇವರು ಕೆಸರಿನಲ್ಲಿ ಬಿದ್ದು ಹೊರಳುತ್ತಿದ್ದಾರೆ. ಸೊಂಟಕ್ಕೆ ಎರಡೂ ಮುಷ್ಟಿಯಿಂದ ಗುದ್ದಿಕೊಳ್ಳುತ್ತಿದ್ದರು. ಬದುವಿನ ಹುಲ್ಲನ್ನು ಬೇರು ಸಮೇತ ಕೀಳುತ್ತಿದ್ದರು. ಹಿಡಿಯಲು ಹೋದ ನನ್ನ ಮೈದುನ ರಮೇಶನನ್ನು ಒದ್ದರು. ಹೆಗಲ ಮೇಲಿನ ಟವೆಲನ್ನು ಬಾಯಿಗೆ ತುರುಕಿದೆವು. ಅದನ್ನು ಕಚ್ಚಿ ಹರಿದರು. ಆಮೇಲೆ ವಾಂತಿ. ಹಸಿರು, ಮತ್ತೆ ಹಸಿರು, ಕೊನೆಗೆ ಕಾಫಿ ಗಸಿಯ ಬಣ್ಣ.

"ಕುಯ್ದಾಕ್ರೋ" ಎಂದರು. "ಆ ಜಾಗವ ಕುಯ್ದಾಕ್ಬಿಡ್ರೋ."

ಆ ಹೊತ್ತಿನಿಂದ ಮೂತ್ರವೇ ನಿಂತಿತು.

ಕುಶಾಲನಗರದ ಆಸ್ಪತ್ರೆಯಲ್ಲಿ ರಕ್ತ ನೋಡಿದವರೇ ಒಂದು ನಿಮಿಷವೂ ಇಟ್ಟುಕೊಳ್ಳದೆ ಮೈಸೂರಿಗೆ ಕಳಿಸಿದರು. ಆಂಬುಲೆನ್ಸಿನಲ್ಲಿ ಇವರಿಗೆ ನನ್ನ ಗುರುತು ಹೋಯಿತು. ಯಾರೋ ಕಳ್ಳಿ ಮನೆಗೆ ನುಗ್ಗಿದ್ದಾಳೆ ಎಂದುಕೊಂಡರೋ ಏನೋ, "ಯಾರೇ ನೀನು" ಎನ್ನುತ್ತಾ ನನ್ನ ಜುಟ್ಟು ಹಿಡಿದು ತಲೆಯನ್ನು ಕಂಬಿಗೆ ಬಡಿದರು. ಬಿಡಿಸಿಕೊಳ್ಳುವಷ್ಟರಲ್ಲಿ ಬಾಯಿಯ ಮೇಲೆ ಮುಷ್ಟಿ ಬಿತ್ತು. ಮುಂದಿನ ಹಲ್ಲು ಅರ್ಧ ಮುರಿದು ನಾಲಿಗೆಯ ಮೇಲೆ ಬಂತು. ಮೂವತ್ತು ವರ್ಷದಲ್ಲಿ ಒಂದು ದಿನವೂ ಕೈ ಎತ್ತಿದವರಲ್ಲ. ನಾನು ರಕ್ತ ಉಗುಳುತ್ತಿದ್ದಾಗ ಅವರ ಕಣ್ಣು ಮೇಲೆ ಸಿಕ್ಕಿಕೊಂಡು, ಮೈಯೆಲ್ಲ ಕೊರಡಾಗಿ, ಆಮೇಲೆ ಅದುರತೊಡಗಿತು. ನಾನೂ ರಮೇಶನೂ ಅವರ ಮೇಲೆ ಬಿದ್ದು ಒತ್ತಿ ಹಿಡಿದೆವು.

ಸತ್ತೇ ಹೋದರು ಎಂದುಕೊಂಡೆ.

ಕ್ಯಾಶುವಾಲಿಟಿಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ರಿಪೋರ್ಟ್ ನೋಡುತ್ತಾ, "ಕ್ರಿಯಾಟಿನಿನ್ ಹನ್ನೊಂದು ಇದೆ. ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ. ಏನಾದ್ರೂ ನಾಟಿ ಔಷಧಿ ಕೊಟ್ರಾ?" ಎಂದರು.

"ಇಲ್ಲ ಡಾಕ್ಟ್ರೇ. ಒಳ್ಳೇದೇ ಕೊಟ್ಟಿದ್ದೀನಿ" ಎಂದು ಒಂದೊಂದಾಗಿ ಹೇಳಿದೆ. ಬಾಯಿ ಊದಿಕೊಂಡಿದ್ದರಿಂದ ಎರಡೆರಡು ಸಲ ಹೇಳಬೇಕಾಯಿತು. ಪಾಲಕ್ ಎಂದಾಗ ಅವರು ಬರೆಯುವುದನ್ನು ನಿಲ್ಲಿಸಿದರು. ಬಿಂಬುಳಿ ಎಂದಾಗ ತಲೆ ಎತ್ತಿದರು.

"ದಿನಾ ಎಷ್ಟು?"

"ಒಂದು ಲೋಟ. ನಿನ್ನೆ ಮಾತ್ರ ಎರಡು."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ಹುಳಿಯಲ್ಲಿ ಆಕ್ಸಲೇಟ್ ಎಂಬುದು ತುಂಬಾ ಇರುತ್ತದೆ, ಹಸಿ ಪಾಲಕ್‌ನಲ್ಲೂ ಇರುತ್ತದೆ, ನೀರು ಕಡಿಮೆ ಕುಡಿಯುವವರಲ್ಲಿ ಅದು ಹರಳುಗಟ್ಟಿ ಕಿಡ್ನಿಯೊಳಗೆ ತುಂಬಿಕೊಳ್ಳುತ್ತದೆ ಎಂದು ನಿಧಾನವಾಗಿ ವಿವರಿಸಿದರು. ಅಗಸೆ ಬೀಜವೊಂದೇ ಆಗಿದ್ದರೆ, ಒಂದು ಚಮಚ, ನೀರಿನ ಜೊತೆ, ಇಷ್ಟಾಗುತ್ತಿರಲಿಲ್ಲವಂತೆ. ಮದ್ದುಸೊಪ್ಪು ತನಗೆ ಗೊತ್ತಿಲ್ಲ ಎಂದರು. "ಆದ್ರೆ ಕೆಂಪು ಅಂತ ಕಂಡಿದ್ದು ರಕ್ತ ಅಮ್ಮಾ. ಆವತ್ತೇ ಬಂದಿದ್ರೆ..." ಎಂದು ಅಷ್ಟಕ್ಕೇ ನಿಲ್ಲಿಸಿದರು.

"ಕಿಡ್ನಿ ವಾಪಸ್ ಬರ್ತದಾ?"

"ಡಯಾಲಿಸಿಸ್ ಮಾಡ್ತಾ ಕಾಯ್ಬೇಕು. ಬರಬಹುದು. ಬರದೇನೂ ಇರಬಹುದು."

ಕುತ್ತಿಗೆಗೆ ತೂತು ಹೊಡೆದು ಪೈಪ್ ಹಾಕಿದರು. ಕೈಕಾಲನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚಕ್ಕೆ ಕಟ್ಟಿದರು. ಮೆಷಿನ್ನಿನೊಳಗೆ ಅವರ ರಕ್ತ ಸುತ್ತಿ ಸುತ್ತಿ ಬರುವುದನ್ನು ಗಾಜಿನ ಆಚೆಯಿಂದ ನೋಡಿದೆ. ಕೆಂಪನ್ನು ನೋಡಿ ನಕ್ಕಿದ್ದೆಯಲ್ಲ, ಈಗ ಕಣ್ಣು ತುಂಬ ನೋಡು ಎಂದು ನನಗೆ ನಾನೇ ಹೇಳಿಕೊಂಡೆ.

ಬಟ್ಟೆ ತರಲು ಊರಿಗೆ ಬಂದ ದಿನ ನನಗೆ ಏನಾಯಿತೋ ಗೊತ್ತಿಲ್ಲ. ಹಿತ್ತಲಿಗೆ ಹೋದರೆ ಬಿಂಬುಳಿ ಮರದ ತುಂಬ ಕಾಯಿ. ಸೌದೆ ಕಡಿಯುವ ಮಚ್ಚು ಎತ್ತಿಕೊಂಡು ಬಂದೆ. ಕಡಿದೆ. ಗೊಂಚಲುಗಳ ಮೇಲೆಯೇ ಕಡಿದೆ. ರಸ ಕಣ್ಣಿಗೆ, ಒಡೆದ ತುಟಿಗೆ ಚಿಮ್ಮಿ ಬೆಂಕಿಯಂತೆ ಉರಿಯಿತು. ಉರಿಯಲಿ ಎಂದೇ ಇನ್ನೂ ಕಡಿದೆ. ಮರ ಬಿದ್ದ ಮೇಲೂ ಕೈ ನಿಲ್ಲಲಿಲ್ಲ. ಒಳಗೆ ಹೋಗಿ ಮಿಕ್ಸಿ ಜಾರನ್ನು ತಂದು ಒಗೆಯುವ ಕಲ್ಲಿಗೆ ಬಡಿದೆ, ಸ್ಟೀಲ್ ಜಾರು ಸೊಟ್ಟಗಾಗಿ ಬ್ಲೇಡು ಹಾರಿ ಹೋಗುವವರೆಗೆ. ಅಗಸೆ ಬೀಜದ ಡಬ್ಬವನ್ನು ಅಂಗಳಕ್ಕೆ ಎಸೆದೆ. ಕೋಳಿಗಳು ಓಡಿ ಬಂದು ಒಂದು ಕಾಳೂ ಬಿಡದೆ ಹೆಕ್ಕಿದವು. ಆ ವಾರ ಅವು ಚೆನ್ನಾಗಿಯೇ ಮೊಟ್ಟೆ ಇಟ್ಟವು, ಮುಂಡೇವು.

ರಮೇಶ ಬಂದು ಮಚ್ಚು ಕಿತ್ತುಕೊಂಡ. "ಬುಡಿ ಅತ್ತಿಗೆ. ಮರ ಏನ್ ಮಾಡ್ತು ಪಾಪ."

ಇನ್ನೊಂದು ಪಾಪವನ್ನೂ ಬರೆದುಬಿಡುತ್ತೇನೆ. ಊರಿನಲ್ಲಿ ಎಲ್ಲರೂ ಮುತ್ತಮ್ಮನ ಸೊಪ್ಪಿನಿಂದ ಹೀಗಾಯಿತು ಎಂದು ಮಾತಾಡಿಕೊಳ್ಳುತ್ತಿದ್ದರು. ಮುತ್ತಮ್ಮ ಫೋನ್ ಮಾಡಿ, "ನನ್ನ ಸೊಪ್ಪಿಂದಲಾ ಟೀಚರೇ?" ಎಂದು ಗೊಳೋ ಎಂದು ಅತ್ತಳು. ನಾನು ಹೌದೆನ್ನಲಿಲ್ಲ. ಇಲ್ಲವೆಂದೂ ಹೇಳಲಿಲ್ಲ. ನನ್ನ ರಜೆ ಮುಗಿಯುವ ತನಕ ಅವಳನ್ನು ಹಾಗೆಯೇ ಅಳಲು ಬಿಟ್ಟೆ.

ಐದನೆಯ ದಿನ ಇವರಿಗೆ ಪ್ರಜ್ಞೆ ಸರಿಯಾಯಿತು. ರೌಂಡ್ಸಿಗೆ ಬಂದ ಡಾಕ್ಟರಮ್ಮ ಇವರಿಗೂ ಎಲ್ಲ ಹೇಳಿದರು. ಡಾಕ್ಟರಮ್ಮ ಆಚೆ ಹೋಗುವುದನ್ನೇ ಕಾದು ಇವರು ನನ್ನ ಕಡೆ ತಿರುಗಿದರು. ಗಂಟಲಲ್ಲಿ ಸದ್ದೇ ಇರಲಿಲ್ಲ.

"ವಿಷ ಹಾಕ್ದೆ ನಂಗೆ."

ನಾನು ಗಂಜಿಯ ಚಮಚ ಹಿಡಿದಿದ್ದೆ. ಕೈಯಿಂದ ಅದನ್ನು ಬಡಿದುಹಾಕಿದರು. ಗಂಜಿ ಗೋಡೆಗೆ ಸಿಡಿಯಿತು. ನನಗೂ ಸಿಟ್ಟು ನೆತ್ತಿಗೇರಿತು. ತುಟಿ ಎತ್ತಿ ಹಲ್ಲು ತೋರಿಸಿದೆ. "ನೋಡಿ, ಇದು ನೀವ್ ಮಾಡಿದ್ದು! ಸಾಯ್ಲಿ ಅಂತ ಕೊಟ್ನಾ ನಾನು? ಮಾವನ ಥರ ನೀವೂ ಹೋಗ್ಬಿಡ್ತೀರ ಅಂತ ಹೆದ್ರಿ ಕೊಟ್ಟೆ. ಹೆದ್ರಿ ಕೊಟ್ಟೆ ಕಣ್ರೀ!"

ವಾರ್ಡಿಗೆ ವಾರ್ಡೇ ನಮ್ಮನ್ನು ನೋಡುತ್ತಿತ್ತು. ನರ್ಸ್ ಓಡಿ ಬಂದು ನನ್ನನ್ನು ಹೊರಗೆ ದಬ್ಬಿದಳು. ಸಂಜೆ ಗಂಜಿ ತೆಗೆದುಕೊಂಡು ಹೋದೆ. ಅವರು ನನ್ನ ಹಲ್ಲನ್ನೇ ನೋಡಿದರು, ಬಹಳ ಹೊತ್ತು. ಆಮೇಲೆ ತಟ್ಟೆಯನ್ನು ನನ್ನ ಕಡೆಗೆ ತಳ್ಳಿದರು.

"ಮೊದ್ಲು ನೀನ್ ತಿನ್ನು."

ತಿಂದೆ. ಒಂದು ಚಮಚ ನುಂಗಿ, ಬಾಯಿ ತೆರೆದು ತೋರಿಸಿದೆ. ಆಮೇಲೆ ಅವರು ತಿಂದರು. ಅಂದಿನಿಂದ ಪ್ರತಿ ಹೊತ್ತೂ ಹೀಗೇ ಆಯಿತು.

ಒಂಬತ್ತನೆಯ ದಿನ ಬೆಳಿಗ್ಗೆ ಮೂತ್ರದ ಚೀಲದ ತಳದಲ್ಲಿ ಒಂದಿಷ್ಟು ನೀರು ಕಾಣಿಸಿತು. ಕಾಫಿ ಲೋಟದ ಕಾಲು ಭಾಗವೂ ಇರಲಿಲ್ಲ. ನರ್ಸ್ ಅದನ್ನು ಅಳೆದು ಬರೆದುಕೊಂಡಳು. ನಾನು ಆ ಚೀಲಕ್ಕೆ ಕೈಮುಗಿದೆ. ಮಾರನೆಯ ದಿನ ಅದರ ಎರಡರಷ್ಟು. ಏಳು ಡಯಾಲಿಸಿಸ್ ಆದ ಮೇಲೆ ಕುತ್ತಿಗೆಯ ಪೈಪ್ ತೆಗೆದರು. ಕಿಡ್ನಿ ಪೂರ್ತಿ ಮೊದಲಿನಂತೆ ಆಗಿಲ್ಲ, ಆಗುವುದೂ ಇಲ್ಲವಂತೆ. ಇರುವುದನ್ನು ಕಾಪಾಡಿಕೊಳ್ಳಿ ಎಂದರು. ದೇವರ ಪಟದ ಹಿಂದಿನ ಚೀಟಿಯನ್ನು ತೆಗೆದುಕೊಂಡು ಹೋಗಿ ತೋರಿಸಿದೆ. ಈಗ ಅದೇ ಮಾತ್ರೆ ನುಂಗುತ್ತಾರೆ. ದಿನಕ್ಕೊಂದು, ಬಟಾಣಿ ಕಾಳಿನಷ್ಟು.

ಡಯೆಟೀಷಿಯನ್ ಕೊಟ್ಟ ಹಾಳೆ ನೋಡಿ ನನಗೆ ನಗುವೂ ಬಂತು, ಅಳುವೂ ಬಂತು. ತರಕಾರಿಯನ್ನು ಹೆಚ್ಚಿ ನೀರಿನಲ್ಲಿ ನೆನೆಸಬೇಕು, ಆ ನೀರು ಚೆಲ್ಲಬೇಕು, ಮತ್ತೆ ಬೇಯಿಸಬೇಕು, ಆ ನೀರನ್ನೂ ಬಸಿದು ಚೆಲ್ಲಬೇಕು. ಹಸಿಯದ್ದೇನೂ ಕೂಡದು. ಸತ್ತ ಊಟ ಎಂದು ನಾನು ಹೀಯಾಳಿಸಿದ್ದನ್ನು ಈಗ ಎರಡೆರಡು ಸಲ ಸಾಯಿಸಿ ಬಡಿಸುತ್ತೇನೆ.

ರಜೆ ಮುಗಿಸಿ ಅಂಗನವಾಡಿಗೆ ಹೋದ ಮೊದಲ ದಿನವೇ, ತಾಯಂದಿರ ಸಭೆಯಲ್ಲಿ, ಮುತ್ತಮ್ಮನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಎಲ್ಲವನ್ನೂ ಹೇಳಿದೆ. ಸೊಪ್ಪಿನದಲ್ಲ, ನನ್ನ ತಪ್ಪು ಎಂದೆ. ಸೊಪ್ಪು ತರಕಾರಿ ಬಿಡಬೇಡಿ, ಅಗಸೆ ಬೇಕಾದರೆ ಒಂದು ಚಮಚ ತಿನ್ನಿ, ಮೊದಲು ಡಾಕ್ಟರನ್ನು ಕೇಳಿ ಎಂದೆ. ಮುರಿದ ಹಲ್ಲಿನಲ್ಲಿ ಪಾಠ ಹೇಳುವುದು ಸುಲಭವಲ್ಲ. ಮುತ್ತಮ್ಮ ಎಲ್ಲ ಕೇಳಿಸಿಕೊಂಡು, "ಒಂದು ಫೋನ್ ಮಾಡ್ಬಹುದಿತ್ತು ನೀವು" ಎಂದಳು. ಎರಡು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವಳಿಗೆ ಆ ಹಕ್ಕಿತ್ತು.

ಮನೆಯಲ್ಲಿ "ಮೊದ್ಲು ನೀನ್ ತಿನ್ನು" ಎಂಬುದು ಮಾತ್ರ ನಿಲ್ಲಲಿಲ್ಲ. ದೀಪಾವಳಿಗೂ ತಿಂದು ತೋರಿಸಿದೆ, ಯುಗಾದಿಗೂ ತೋರಿಸಿದೆ. ಬರಬರುತ್ತಾ ಅವರು ಬಾಯಿಬಿಟ್ಟು ಹೇಳುವುದನ್ನು ಬಿಟ್ಟರು, ತಟ್ಟೆಯ ಮುಂದೆ ಸುಮ್ಮನೆ ಕಾಯುತ್ತಿದ್ದರು. ನಾನು ಒಂದು ತುತ್ತು ತೆಗೆದು ತಿನ್ನುತ್ತಿದ್ದೆ. ಕಿಡ್ನಿ ಇಷ್ಟು ಸುಧಾರಿಸಿತು, ಇದೊಂದು ಸುಧಾರಿಸಲಿಲ್ಲವಲ್ಲ ಎಂದು ಎಷ್ಟೋ ದಿನ ಸಿಟ್ಟು ಬಂದಿದೆ. ಕೇಳುವ ಧೈರ್ಯವಾಗಲಿಲ್ಲ.

ಈ ವರ್ಷದ ಕಕ್ಕಡ ಹದಿನೆಂಟಕ್ಕೆ ಮುತ್ತಮ್ಮ ಬೆಳಿಗ್ಗೆಯೇ ಬಂದಳು. ಕೈಯಲ್ಲಿ ಸೊಪ್ಪಿರಲಿಲ್ಲ. "ಅಣ್ಣ ಹೇಗುಂಟು ಅಂತ ನೋಡ್ಲಿಕ್ಕೆ ಬಂದೆ ಅಷ್ಟೇ" ಎಂದಳು. ಇವರು ಬಚ್ಚಲಿನಿಂದ ಬಂದವರು ಅವಳನ್ನು ಕಂಡು, "ಮುತ್ತಮ್ಮಾ, ಈ ಸಲ ಬರೀ ನೀರಿನ್ ಬಣ್ಣ ಕಣವ್ವಾ!" ಎಂದರು. ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು.

ನಾನು ಇವರಿಗೆ ತಟ್ಟೆ ಇಟ್ಟೆ. ಎರಡು ಸಲ ಬೇಯಿಸಿ ಬಸಿದ ಸೀಮೆಬದನೆಯ ಪಲ್ಯ, ಅನ್ನ. ಗೇಟಿನ ತನಕ ಹೋಗಿ ಮುತ್ತಮ್ಮನನ್ನು ಕಳಿಸಿ, ಕೈ ತೊಳೆದು, ಒಂದು ತುತ್ತು ತಿನ್ನಲೆಂದು ಬಂದೆ.

ತಟ್ಟೆ ಅರ್ಧ ಖಾಲಿಯಾಗಿತ್ತು.

ಅವರು ತಲೆ ಬಗ್ಗಿಸಿಕೊಂಡು ಕಲಸುತ್ತಿದ್ದರು. ನಾನು ಬಾಗಿಲಲ್ಲೇ ನಿಂತೆ. ಕಣ್ಣೀರು ಕೆನ್ನೆಯ ಮೇಲೆ ಇಳಿಯಿತು, ಒರೆಸಿಕೊಳ್ಳಲಿಲ್ಲ. ಅವರು ತಲೆ ಎತ್ತದೆಯೇ ಹೇಳಿದರು.

"ನಿಂತ್ಕೊಂಡ್ ಏನ್ ನೋಡ್ತೀಯ? ಇನ್ನೊಂಚೂರು ಪಲ್ಯ ಹಾಕು."