ಏಳನೇ ನಂಬರಿನ ಕಲ್ಲು

ಜಮಖಂಡಿಯಲ್ಲಿ ಭೂವಿಜ್ಞಾನ ಕಲಿಸಿ ಕಲಿಸಿ ನನಗೆ ಸಾಕಾಗಿದೆ. ಪ್ರತಿ ವರ್ಷ ಅದೇ ಪಾಠ, ಅದೇ ಪ್ರವಾಸ; ವಿದ್ಯಾರ್ಥಿಗಳು ಮಾತ್ರ ಕಡಿಮೆಯಾಗುತ್ತ ಬಂದಿದ್ದಾರೆ. ಮುಧೋಳದಲ್ಲಿ ಬಸ್ಸು ಬದಲಿಸಿ, ಬೀಳಗಿ ತಾಲ್ಲೂಕಿನ ಒಂದು ಊರಲ್ಲಿ ಇಳಿದು, ಹೊಲದ ಬದುವಿನಲ್ಲಿರುವ ಸುಣ್ಣಕಲ್ಲಿನ ಬಂಡೆಯೊಂದನ್ನು ತೋರಿಸಬೇಕು. ಅಡ್ಡ ಕೊಯ್ದ ಉಳ್ಳಾಗಡ್ಡಿಯ ಹಾಗೆ ಅದರಲ್ಲಿ ಪದರಗಳಿದ್ದವು. ಪಾಚಿಯಂಥ ಸಣ್ಣ ಜೀವಿಗಳು ಕಟ್ಟಿದ ಪದರ. ಅವಕ್ಕೆ ಬಿಸಿಲು ಬೇಕು, ಹಾಗಾಗಿ ಇಲ್ಲಿದ್ದ ಸಮುದ್ರ ಆಳವಿರಲಿಲ್ಲ. ಪದರ ಉಬ್ಬಿದ ಕಡೆಯೇ ಆಗಿನ ಮೇಲ್ಮುಖ. ಇಷ್ಟನ್ನು ನಾನು ನಿದ್ದೆಗಣ್ಣಲ್ಲೂ ಹೇಳಬಲ್ಲೆ.

ಜಾಲಿಕಂಟಿಯ ನಡುವೆ ಆ ಬಂಡೆ ಹುಡುಕುವುದೇ ದೊಡ್ಡ ತ್ರಾಸು. ಎರಡು ವರ್ಷದ ಹಿಂದೆ, ಮನೆಯ ಗೇಟಿಗೆ ಬಳಿದು ಉಳಿದ ಕೆಂಪು ಬಣ್ಣ ಒಯ್ದು ಅದರ ಮೇಲೆ ದೊಡ್ಡದಾಗಿ ‘೭’ ಎಂದು ಬರೆದುಬಿಟ್ಟೆ. ನನ್ನ ಪಟ್ಟಿಯಲ್ಲಿ ಅದು ಏಳನೆಯ ಜಾಗ. ಹೋದ ವರ್ಷ ಬಂಡೆ ದೂರದಿಂದಲೇ ಕಂಡಿತು. ಹುಡುಗರು ಟೇಪು ಹಿಡಿದು ಪದರ ಅಳೆದರು. ಪಕ್ಕದಲ್ಲಿ ಮೊಣಕಾಲೆತ್ತರಕ್ಕೆ ನಿಂತುಹೋಗಿದ್ದ ಒಂದು ಗೋಡೆಯ ಮೇಲೆ ಕೂತು ಎಲ್ಲರೂ ರೊಟ್ಟಿ ತಿಂದೆವು.

ಈ ವರ್ಷ ಹೋದರೆ ಬಂಡೆ ಇಲ್ಲ, ಬರೀ ಚೂರು. ನನಗೆ ಪಿತ್ತ ನೆತ್ತಿಗೇರಿತು.

“ಯಾರ್ರಿ ಇದನ್ನ ಒಡದವ್ರು?” ಎಂದು ಕೂಗಿದೆ.

ಹೊಲದ ಒಡತಿ, ಒಬ್ಬ ಮುದುಕಿ, ತಗಡಿನ ಶೆಡ್ಡಿನಿಂದ ಹೊರಬಂದಳು.

“ನಾನ ಒಡದೇನ್ರಿ ಸಾಹೇಬ್ರ. ಕೇಸ್ ಹಾಕ್ತೀರೇನು, ಹಾಕ್ರಿ. ಹಳೀ ಊರಾಗ ನಮ್ಮ ಗ್ವಾಡಿ ಮ್ಯಾಲೂ ಸರ್ಕಾರದವ್ರು ಹಿಂಗ ಕೆಂಪ ನಂಬರ್ ಬರದ್ರು. ಆಮ್ಯಾಲೆ ಟೇಪ್ ಹಿಡದ್ರು. ಆಮ್ಯಾಲೆ ಡ್ಯಾಮಿನ ಹಿನ್ನೀರು ಬಂತು, ಮನಿ ಮುಳಗಿತು. ಇಲ್ಲಿ ಬಂದು ಹೊಸಾದು ಕಟ್ಟಾಕತ್ತಿದ್ವಿ, ನಿಮ್ಮ ನಂಬರ್ ಬಿತ್ತು. ಮುಳಗೋ ಮನಿ ಯಾಕ ಕಟ್ಟೂದಂತ ಕೆಲಸ ನಿಲ್ಲಿಸಿದ್ವಿ. ಹ್ವಾದ ವರ್ಷ ಟೇಪೂ ಬಂತು, ಅದಕ್ಕ ಕಲ್ಲ ಒಡದೆ.”

ನಾನು ಕೂತು ರೊಟ್ಟಿ ತಿಂದಿದ್ದ ಗೋಡೆ ನನ್ನಿಂದಲೇ ಅರ್ಧಕ್ಕೆ ನಿಂತಿತ್ತು.

“ಆಯಿ, ನಾ ಕಾಲೇಜಿನ ಮಾಸ್ತರ. ಹುಡುಗರಿಗೆ ಕಲ್ಲು ತೋರ್ಸಾಕ ಬರದ ನಂಬರ್ ಅದು. ನನ್ನ ಒಂದ ಮಾತು ಕೇಳಬಾರದಿತ್ತೇನು?”

“ಕೇಳಿದ್ರ ಹೌದು ಅಂತೀರೇನೋ ಅಂತ ಅಂಜಿಕಿ ಆತ್ರಿ.”

ಅವಳು ಆ ಗೋಡೆಯ ಮೇಲೆ ಕೂತಳು. ಸುತ್ತಿಗೆ ಹಿಡಿದು ಅಂಗೈ ದಡ್ಡುಗಟ್ಟಿತ್ತು. “ಹಂಗಾದ್ರ ಇಲ್ಲಿ ನೀರು ಬರೂದಿಲ್ಲಂತ ಒಂದ ಚೀಟಿ ಬರದ ಕೊಡ್ರಿ. ಮಗಗ ತೋರಸ್ತೇನಿ, ನಾಳಿಂದ ಗ್ವಾಡಿ ಏಳಸ್ತಾನ” ಎಂದಳು.

ನೋಟ್‌ಬುಕ್ಕು ತೆಗೆದೆ. ಮೀನೂ ಹುಟ್ಟಿರದ ಕಾಲದಲ್ಲಿ ಇಲ್ಲಿ ನೀರು ಎಷ್ಟು ಆಳವಿತ್ತೆಂದು ಹೇಳಿ ಸಂಬಳ ತಿಂದವನು ನಾನು. ಆದರೆ ಅಣೆಕಟ್ಟು ಎತ್ತರಿಸುವ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇದೆ. ಅವಳು ಕೇಳಿದ ಆ ಒಂದು ಸಾಲು ಬರೆಯಲು ನನಗೆ ಧೈರ್ಯವಾಗಲಿಲ್ಲ. ‘ಈ ನಂಬರು ನಾನು ಬರೆದದ್ದು, ಸರ್ಕಾರದ್ದಲ್ಲ’ ಎಂದು ಬರೆದು, ಸಹಿ ಮಾಡಿ ಕೊಟ್ಟೆ.

ಅವಳು ಚೀಟಿಯನ್ನು ನನ್ನ ವಿದ್ಯಾರ್ಥಿನಿಯೊಬ್ಬಳ ಕೈಗಿತ್ತು ಓದಿಸಿದಳು. ಸಾಲದೆಂದು ಇನ್ನೊಮ್ಮೆ ಓದಿಸಿದಳು.

“ಇದ್ರಾಗ ನೀರಿಂದು ಏನೂ ಬರದಿಲ್ಲಲ್ರಿ” ಎಂದಳು.