ಅವ್ವನ ದನಿ ಬಿಚ್ಚಿಕೊಟ್ಟ ಮಹೆಜಬೀನ

ಹಳಿಯಾಳದ ನಮ್ಮ ಓಣಿಯಲ್ಲಿ ಬ್ಲೌಸ್ ಹೊಲಿಯುವವಳು ಮಹೆಜಬೀನ. ಹೊಲಿಗೆಯಲ್ಲಿ ಒಂದು ಕುಂದು ತೆಗೆಯುವಂತಿಲ್ಲ, ಆದರೆ ಹೇಳಿದ ದಿನಕ್ಕೆ ಕೊಟ್ಟದ್ದೂ ಇಲ್ಲ. ಹಬ್ಬ ಮುಗಿದ ಮೇಲೆ ಬರುವ ಬ್ಲೌಸಿಗಾಗಿ ಅವಳೊಂದಿಗೆ ನಾನು ಮಾಡಿದ ಜಗಳ ಓಣಿಗೆಲ್ಲ ಗೊತ್ತು. ಈಗ ಅದೇ ಬಾಯಿಂದ ಅವಳನ್ನು ಹೊಗಳುತ್ತಿದ್ದೇನೆ.

ಅವಳ ತವರು ದಾಂಡೇಲಿ. ತಂದೆ ಮಿಲ್ಲಿನಲ್ಲಿದ್ದರು, ಅಣ್ಣ ಸಾಬೀರ ಫೋಟೊ ಸ್ಟುಡಿಯೋ ನಡೆಸುತ್ತಿದ್ದ. ಅವರ ಮದುವೆಗಳಲ್ಲಿ ಹೆಂಗಸರ ಕಡೆಗೆ ಗಂಡಸರು ಕ್ಯಾಮೆರಾ ಹಿಡಿದು ಹೋಗುವಂತಿರಲಿಲ್ಲ. ಹಾಗಾಗಿ ಕ್ಯಾಮೆರಾ ತಂಗಿಯ ಕೈಗೆ ಬಂತು. ಬರಬರುತ್ತ ನಮ್ಮ ಮನೆಗಳ ಅರಿಷಿಣ, ಸೀಮಂತಕ್ಕೂ ಅವಳೇ ಬೇಕಾದಳು. ನನ್ನ ತಂಗಿ ಪೂರ್ಣಿಮಾ ತನ್ನ ಮಗನನ್ನು ತೊಟ್ಟಿಲಿಗೆ ಹಾಕಿದಾಗಲೂ ಅವಳೇ ಬಂದಿದ್ದಳು, ಆಗಿನ್ನೂ ಮದುವೆಯಾಗದ ಹುಡುಗಿ. ಮದುವೆಯಾಗಿ ನಮ್ಮ ಓಣಿಗೆ ಬಂದದ್ದು ಆಮೇಲೆ.

ಆ ದಿನ ನಮ್ಮವ್ವ ಶಿವವ್ವ ತೊಟ್ಟಿಲ ಪದ ಹಾಡಿದ್ದಳು. ಅದು ಅವಳ ಅವ್ವನಿಂದ ಬಂದ ಉದ್ದನೆಯ ಪದ. ಅವ್ವ ಈಗಿಲ್ಲ. ನನಗೆ ಮೊದಲ ಎರಡು ನುಡಿ ಬರುತ್ತವೆ, ಮುಂದಿನದು ಬರೀ ಹೂಂ ಹೂಂ. ಹೋದ ತಿಂಗಳು ನನ್ನ ಮೊಮ್ಮಗಳ ತೊಟ್ಟಿಲು ನಿಶ್ಚಯವಾದಾಗ, ಆ ಪದವಿಲ್ಲದೆ ಕೂಸನ್ನು ಹಾಕಲು ನನಗೆ ಮನಸ್ಸಾಗಲಿಲ್ಲ.

ಡಿವಿಡಿ ಏನೋ ಇತ್ತು. ಆದರೆ ಆಗಿನ ಸ್ಟುಡಿಯೋಗಳ ಪದ್ಧತಿ ಎಂದರೆ ಚಿತ್ರ ಇಟ್ಟುಕೊಂಡು, ದನಿ ತೆಗೆದು, ಮೇಲೆ ಸಿನೆಮಾ ಹಾಡು ಹಚ್ಚುವುದು. ಅವ್ವ ಬಾಯಿ ತೆರೆದರೆ ಯಾರೋ ಸಿನೆಮಾದವಳ ದನಿ. ಆಗ ಅದನ್ನೇ ನೋಡಿ ಎಲ್ಲರೂ ಖುಷಿಪಟ್ಟಿದ್ದೆವು. ಆಗ ಸ್ಟುಡಿಯೋದಿಂದ ತಂದಿಟ್ಟಿದ್ದ, ಕತ್ತರಿ ಹಾಕದ ಮೂಲ ಫೈಲು ಮನೆಯ ಕಂಪ್ಯೂಟರಿನಲ್ಲಿತ್ತು. ಅದರಲ್ಲಿ ಚಿತ್ರ ಬರುತ್ತಿತ್ತು, ದನಿ ಬರುತ್ತಿರಲಿಲ್ಲ. ನನ್ನ ಮಗ ಕಿರಣಕುಮಾರ ಫೈಲಿನ ಹೆಸರಿನ ಬಾಲದಲ್ಲಿದ್ದ ಎವಿಐ ಅಳಿಸಿ ಎಂಪಿ4 ಎಂದು ಬರೆದ. ಇದ್ದ ಚಿತ್ರವೂ ಹೋಯಿತು. "ಫೈಲು ಕೆಟ್ಟೈತಿ, ಬಿಡವ್ವಾ" ಎಂದು ಎದ್ದುಬಿಟ್ಟ.

ನಾನು ಕಣ್ಣೀರು ಒರೆಸಿಕೊಳ್ಳುತ್ತಿದ್ದಾಗಲೇ ಮಹೆಜಬೀನ ತಡವಾದ ಬ್ಲೌಸ್ ಹಿಡಿದು ಒಳಗೆ ಬಂದಳು.

"ಬ್ಲೌಸಿಗೆ ಯಾರರ ಅಳ್ತಾರೇನ್ರಿ ಅಕ್ಕಾರ?" ಎಂದಳು. ವಿಷಯ ಕೇಳಿ ಕಂಪ್ಯೂಟರಿನ ಮುಂದೆ ಕೂತಳು. ಮೊದಲು ಫೈಲನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಂಡು, ನಕಲಿಗೆ ಹಳೆಯ ಹೆಸರು ಹಾಕಿದಳು. ಚಿತ್ರ ಮರಳಿ ಬಂತು.

"ಡಬ್ಬಿ ಮ್ಯಾಲಿನ ಚೀಟಿ ಬದಲಿ ಮಾಡಿದ್ರ ಒಳಗಿನ ಉಪ್ಪು ಸಕ್ರಿ ಆಗತೈತೇನಪಾ ಕಿರಣ?" ಎಂದು ನಕ್ಕಳು. ಫೈಲಿನ ಮಾಹಿತಿ ತೆರೆದು ನೋಡಿ ನನ್ನ ಕಡೆ ತಿರುಗಿದಳು. "ದನಿ ಒಳಗ ಐತ್ರಿ. ಇದನ್ನ ಹಳೇ ತರದಾಗ ಕಟ್ಟಿಟ್ಟಾರ. ನಿಮ್ಮ ಪ್ಲೇಯರಿಗೆ ಆ ಗಂಟು ಬಿಚ್ಚಾಕ ಬರಂಗಿಲ್ಲ, ಅಷ್ಟ. ಅದನ್ನ ಬಿಚ್ಚೋದಕ್ಕ ಕೋಡೆಕ್ ಅಂತಾರ."

ಹಳೆಯ ಕೋಡೆಕ್‌ಗಳೆಲ್ಲ ಇರುವ ಇನ್ನೊಂದು ಪ್ಲೇಯರನ್ನು ಇಳಿಸಿಕೊಂಡು ಫೈಲು ತೆರೆದಳು. ಮೊದಲು ಪಾತ್ರೆ ಸದ್ದು, ಯಾರದೋ ಕೆಮ್ಮು. ಆಮೇಲೆ ಅವ್ವ. ನಾನು ಕೂತಲ್ಲೇ ಕೈ ಮುಗಿದೆ. ಒಂದೊಂದೇ ನುಡಿ, ಕಡೆಯವರೆಗೆ, ಎಲ್ಲವೂ ಇತ್ತು.

ಪದ ಮುಗಿದರೂ ಫೈಲು ಮುಗಿದಿರಲಿಲ್ಲ. ಅವ್ವ ನೇರ ಕ್ಯಾಮೆರಾದ ಕಡೆ ನೋಡಿದಳು. "ಏ ತಂಗಿ, ಮುಂಜಾನಿಂದ ನಿಂತೀದಿ. ಅದನ್ನ ಆಕಡೆ ಇಡು, ಮೊದಲ ಉಣ್ಣು."

ಚಿತ್ರ ಅಲುಗಾಡಿ ನೆಲಕ್ಕಿಳಿಯಿತು. ಕಂಡದ್ದು ತೊಟ್ಟಿಲ ಕಾಲು, ಅವ್ವನ ಸೀರೆಯ ಅಂಚು. "ಇನ್ನೊಂದು ಹೋಳಿಗಿ ಹಾಕ್ಕೋ" ಎನ್ನುವ ದನಿ.

ಮಹೆಜಬೀನ ಸೆರಗಿನಿಂದ ಕಣ್ಣೊತ್ತಿಕೊಂಡಳು. "ಎಷ್ಟೋ ಕಾರ್ಯ ಶೂಟಿಂಗ್ ಮಾಡೇನ್ರಿ. ನಮಗ ಊಟ ಅಂದ್ರ ಎಲ್ಲಾರದೂ ಆದಮ್ಯಾಲ. ಮೊದಲ ಕುಂದ್ರಿಸಿ ಬಡಿಸಿದಾಕಿ ನಿಮ್ಮವ್ವ ಒಬ್ಬಾಕಿ."

ಮೊಬೈಲಿನಲ್ಲೂ ನಡೆಯುವ ಹಾಗೆ ಒಂದು ಪ್ರತಿ ಮಾಡಿಕೊಟ್ಟಳು. ಅಡುಗೆ ಮಾಡುತ್ತ, ಬಟ್ಟೆ ಒಗೆಯುತ್ತ ಅದನ್ನೇ ಕೇಳಿ ಕಲಿತೆ. ತೊಟ್ಟಿಲ ದಿನ ಪೂರ್ತಿ ಪದ ಹಾಡಿದೆ, ಎಲ್ಲೂ ಹೂಂ ಹೂಂ ಎನ್ನಲಿಲ್ಲ. ಮಹೆಜಬೀನ ಎದುರಿಗೆ ನಿಂತು ಮೊಬೈಲಿನಲ್ಲಿ ಹಿಡಿಯುತ್ತಿದ್ದಳು. ಕಡೆಯ ನುಡಿ ಮುಗಿಸಿ ಅವಳ ಕಡೆ ತಿರುಗಿದೆ.

"ಅದನ್ನ ಆಕಡೆ ಇಡು ತಂಗಿ," ಎಂದೆ. "ಮೊದಲ ಉಣ್ಣು."